‘ಹೆಡ್ ಹೋಗಿದೆ, ಮಾರಿಬಿಡಿ’ ಅಂದ ಕೂಡಲೇ ಗಾಡಿ ಕೊಡಬೇಡಿ

ಮೊದಲೇ ಹೇಳಿಬಿಡುತ್ತೇನೆ. ಎರಡೂ ಮುಕ್ಕಾಲು ಲಕ್ಷ ಬಾಳುವ ಗಾಡಿಯನ್ನು ನಾನು 65 ಸಾವಿರಕ್ಕೆ ಕೊಟ್ಟೆ. ಕೈಗೆ ಬಂದದ್ದು 59 ಸಾವಿರ. ಹೆಡ್, ಅಂದರೆ ಎಂಜಿನ್ನಿನ ಮೇಲ್ಭಾಗ, ಒಡೆದು ಎಂಜಿನ್ ಮುಗಿದೇ ಹೋಗಿದೆ ಅಂತ ಗ್ಯಾರೇಜಿನವರು ನಂಬಿಸಿದರು, ನಂಬಿದೆ. ಎಂಜಿನ್‌ಗೆ ಅಂಥದ್ದೇನೂ ಆಗಿರಲಿಲ್ಲ. ಇದನ್ನು ಬರೆಯಲು ನಾಚಿಕೆ ಆಗುತ್ತಿದೆ. ಮೂರು ವಾರ ಮನೆಯಲ್ಲೇ ಪೂರ್ತಿ ಬಾಯಿಬಿಟ್ಟಿರಲಿಲ್ಲ. ಆದರೆ ಮೊನ್ನೆ ನಮ್ಮ ಆಫೀಸಿನ ಒಬ್ಬರಿಗೆ ಇನ್ನೊಂದು ಗ್ಯಾರೇಜಿನಲ್ಲಿ ಅಕ್ಷರಕ್ಕೆ ಅಕ್ಷರ ಇದೇ ಮಾತು ಹೇಳಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಗಾಡಿ 2013ರ ಸ್ವಿಫ್ಟ್ ಡೀಸೆಲ್. ಅಪ್ಪ ರಿಟೈರ್ ಆದಾಗ ಬಂದ ದುಡ್ಡಿನಲ್ಲಿ ತಗೊಂಡದ್ದು. ಒಬ್ಬರದೇ ಕೈ. 1,38,000 ಕಿಲೋಮೀಟರ್ ಓಡಿತ್ತು. ಒಂದು ಸರ್ವಿಸ್ ಕೂಡ ತಪ್ಪಿಸಿದ್ದಿಲ್ಲ. ಮಾರುತಿಯವರು 2020ರ ಏಪ್ರಿಲ್‌ನಿಂದ ಡೀಸೆಲ್ ಕಾರು ಮಾಡುವುದನ್ನೇ ನಿಲ್ಲಿಸಿದ್ದಾರೆ. ಹಾಗಾಗಿ ಚೆನ್ನಾಗಿ ಇಟ್ಟುಕೊಂಡ ಹಳೆಯ ಡೀಸೆಲ್ ಸ್ವಿಫ್ಟ್ ಹುಡುಕಿಕೊಂಡು ಬರುವವರು ಈಗಲೂ ಇದ್ದಾರೆ. ಇದು ನನಗೆ ಆಗ ಗೊತ್ತಿರಲಿಲ್ಲ. ಅವರಿಗೆ ಗೊತ್ತಿತ್ತು.

ಧರ್ಮಸ್ಥಳದಿಂದ ವಾಪಸ್ ಬರುತ್ತಿದ್ದೆವು. ನಾನು, ಅಮ್ಮ, ಮಗಳು. ಶಿರಾಡಿ ಘಾಟಿ ಹತ್ತಿ, ಮಾರನಹಳ್ಳಿ ದಾಟಿ, ದೋಣಿಗಾಲ್ ಹತ್ತಿರ ಬಂದಾಗ ಎಂಜಿನ್ ಬಿಸಿಯಾದ ಕೆಂಪು ದೀಪ ಬಂತು. ತಕ್ಷಣ ಪಕ್ಕಕ್ಕೆ ಹಾಕಿ ಆಫ್ ಮಾಡಿದೆ. ಒಂದು ಫರ್ಲಾಂಗ್ ಕೂಡ ಓಡಿಸಲಿಲ್ಲ. ಅಲ್ಲಿ ನಿಂತಿದ್ದ ಲಾರಿ ಡ್ರೈವರ್ ಒಬ್ಬರು ಬಂದು ಬಾನೆಟ್ ತೆಗೆದರು. ಆರಿದ ಮೇಲೆ ಕೂಲಂಟ್ (ಎಂಜಿನ್ ತಣಿಸುವ ದ್ರವ) ಟ್ಯಾಂಕಿನ ಮುಚ್ಚಳ ತೆಗೆದರೆ ಒಳಗೆ ರಾಗಿ ಅಂಬಲಿಯ ಹಾಗೆ ಕಂದು ಗಸಿ. ಆಮೇಲೆ ಡಿಪ್‌ಸ್ಟಿಕ್ ಎಳೆದು ಬಟ್ಟೆಗೆ ಒರೆಸಿ ನೋಡಿದರು. ‘ಆಯಿಲ್ ಚೆನ್ನಾಗಿದೆ ಅಕ್ಕ, ನೀರು ಸೇರಿಲ್ಲ’ ಅಂದರು. ಈ ಮಾತು ನೆನಪಿಟ್ಟುಕೊಳ್ಳಿ. ನಾನು ಇಟ್ಟುಕೊಳ್ಳಲಿಲ್ಲ.

ಟೋಯಿಂಗ್ ಮಾಡಿಸಿ ಹಾಸನಕ್ಕೆ ತಂದೆವು. ಟೋಯಿಂಗ್‌ನವನೇ ಒಂದು ಗ್ಯಾರೇಜ್ ಹೇಳಿದ. ‘ಎಂಜಿನ್ ಕೆಲಸಕ್ಕೆ ಅವರೇ ಬೆಸ್ಟ್ ಮೇಡಂ’ ಅಂತ. ರಾತ್ರಿ ಎಂಟು ಗಂಟೆ, ಮಗಳಿಗೆ ಜ್ವರ. ಅಲ್ಲೇ ಬಿಟ್ಟು ಆಟೋದಲ್ಲಿ ಮನೆಗೆ ಹೋದೆವು.

ಮಾರನೇ ದಿನ ಫೋನ್ ಬಂತು. ‘ಬಿಚ್ಚಿ ನೋಡಿದ್ರೇನೇ ಗೊತ್ತಾಗೋದು ಮೇಡಂ.’ ಸರಿ ಅಂದೆ. ಫೋನಿನಲ್ಲೇ ಸರಿ ಅಂದೆ. ಎಷ್ಟು ಬಿಚ್ಚುತ್ತೀರಿ, ಬಿಚ್ಚಿದರೆ ಕೂಲಿ ಎಷ್ಟು, ಒಂದೂ ಕೇಳಲಿಲ್ಲ. ಎರಡು ದಿನ ಬಿಟ್ಟು ವಾಟ್ಸ್ಆ್ಯಪ್‌ನಲ್ಲಿ ಒಂದು ಫೋಟೋ. ಬೆಂಚಿನ ಮೇಲೆ ಬೋರಲಾಗಿ ಇಟ್ಟ ಸಿಲಿಂಡರ್ ಹೆಡ್, ಮಧ್ಯದಲ್ಲಿ ಸೀಸದಕಡ್ಡಿಯಲ್ಲಿ ಗೀಟು ಹಾಕಿದ ಬಿರುಕು. ‘ಹೆಡ್ ಕ್ರ್ಯಾಕ್. ಬ್ಲಾಕಿಗೂ ಪೆಟ್ಟು ಬಿದ್ದಿದೆ. 1 ಲಕ್ಷ 20 ಸಾವಿರ ಆಗುತ್ತೆ, ಗ್ಯಾರಂಟಿ ಕೊಡಕ್ಕಾಗಲ್ಲ.’

ಆಫೀಸಿನಿಂದ ಅರ್ಧ ದಿನ ರಜೆ ಹಾಕಿ ಹೋದೆ. ಗಾಡಿ ಒಳಗಡೆ ಶೆಡ್ಡಿನಲ್ಲಿತ್ತು. ಬಾನೆಟ್ ಮೇಲೆ ಟಾರ್ಪಾಲ್ ಹೊದಿಸಿದ್ದರು. ನೋಡುತ್ತೇನೆ ಅಂದೆ. ಗ್ಯಾರೇಜಿನವನು ತಡೆದ. ‘ಅಲ್ಲೆಲ್ಲ ಗ್ರೀಸು ಮೇಡಂ, ಸೀರೆ ಹಾಳಾಗುತ್ತೆ. ನಿಮಗೆ ನೋಡಿದ್ರೂ ಗೊತ್ತಾಗಲ್ಲ. ಸರ್‌ನ ಕಳಿಸಿ, ಅವ್ರಿಗೆ ತೋರಿಸ್ತೀನಿ.’ ನನ್ನ ಯಜಮಾನರು ಇರುವುದು ಮಸ್ಕತ್‌ನಲ್ಲಿ. ಅದನ್ನೂ ನಾನೇ ಬಾಯಿಬಿಟ್ಟು ಹೇಳಿದೆ. ಯಾಕೆ ಹೇಳಿದೆನೋ. ಆ ಮೇಲೆ ಅವನ ಮಾತಿನ ಧಾಟಿಯೇ ಬದಲಾಯಿತು. ಸ್ಟೂಲ್ ಹಾಕಿಸಿ ಕೂರಿಸಿದ. ಟೀ ತರಿಸಿದ. ‘ಹನ್ನೆರಡು ವರ್ಷದ ಗಾಡಿಗೆ ಇಷ್ಟು ದುಡ್ಡು ಸುರಿಯೋದು ಬೇಡ ಮೇಡಂ. ನಿಮ್ಮ ಒಳ್ಳೇದಕ್ಕೆ ಹೇಳ್ತಿದ್ದೀನಿ. ನಮಗೆ ಗೊತ್ತಿರೋ ಒಂದು ಪಾರ್ಟಿ ಇದೆ. ಇದ್ದ ಹಾಗೇ ಎತ್ಕೊಂಡು ಹೋಗ್ತಾರೆ. ನಾನು ಮಾತಾಡಿ 65 ಕೊಡಿಸ್ತೀನಿ.’

ಎರಡು ದಿನ ಯೋಚನೆ ಮಾಡಿದೆ. ಒಂದು ಲಕ್ಷ 20 ಸಾವಿರ ಹಾಕಿ ರಿಪೇರಿ ಮಾಡಿಸಿದರೂ ನಡುದಾರಿಯಲ್ಲಿ ಮತ್ತೆ ನಿಂತರೆ? ಅಷ್ಟು ದುಡ್ಡು ಎಲ್ಲಿಂದ ತರಲಿ? ಮೂರು ವರ್ಷ ಕಳೆದರೆ 15 ವರ್ಷ ತುಂಬುತ್ತದೆ, ಎಫ್‌ಸಿ ಮಾಡಿಸಿ ಆರ್‌ಸಿ ರಿನ್ಯೂ ಮಾಡಿಸಬೇಕು. ಎಲ್ಲ ಲೆಕ್ಕವೂ ಮಾರುವ ಕಡೆಗೇ ವಾಲುತ್ತಿತ್ತು. ಲೆಕ್ಕ ತಪ್ಪಿರಲಿಲ್ಲ. ಆದರೆ ಲೆಕ್ಕ ಶುರು ಮಾಡಿದ ಆ ಒಂದು ಲಕ್ಷ 20 ಸಾವಿರವೇ ಸುಳ್ಳು. ನಾನು ರಿಪೇರಿಯೋ ಮಾರಾಟವೋ ಅಂತ ತಲೆ ಕೆಡಿಸಿಕೊಂಡೆ. ಕೆಟ್ಟಿರುವುದು ಏನು ಅಂತ ಇನ್ನೊಬ್ಬರಿಂದ ತಿಳಿದುಕೊಳ್ಳಲೇ ಇಲ್ಲ.

ಅಪ್ಪ ಕೇಳಿದರು. ‘ಇನ್ನೊಂದ್ ಕಡೆ ತೋರಿಸ್ದೇನಮ್ಮ?’

‘ತೋರಿಸಿದ್ದೀನಪ್ಪ’ ಅಂದೆ. ಸುಳ್ಳು ಹೇಳಿದೆ. ಬಿಚ್ಚಿದ ಗಾಡಿಯನ್ನು ಇನ್ನೊಂದು ಕಡೆಗೆ ಸಾಗಿಸುವುದು ಹೇಗೆ ಅಂತ ನನಗೆ ದಿಕ್ಕು ತೋಚಿರಲಿಲ್ಲ. ಆರ್‌ಸಿ ಅಪ್ಪನ ಹೆಸರಿನಲ್ಲಿತ್ತು. ನಾನು ಹೇಳಿದೆ ಅಂತ ಅವರು ಕನ್ನಡಕ ಹಾಕಿಕೊಂಡು ಮಾಲೀಕರ ಹೆಸರು ಬದಲಾಯಿಸುವ ಫಾರಂ 29, ಫಾರಂ 30 ಎರಡಕ್ಕೂ ಸಹಿ ಮಾಡಿದರು. ಕೊಳ್ಳುವವರ ಹೆಸರು ಖಾಲಿ. ತಾರೀಕು ಖಾಲಿ. ಶನಿವಾರ ದುಡ್ಡು ಕೊಟ್ಟರು, ನಗದು. ಎಣಿಸಿದರೆ 59 ಸಾವಿರ. ‘ಹೆಡ್ ಬಿಚ್ಚಿದ ಕೂಲಿ ಆರು ಸಾವಿರ ಹಿಡ್ಕೊಂಡಿದ್ದೀವಿ ಮೇಡಂ’ ಅಂದರು. ಅದಕ್ಕೂ ಬಿಲ್ ಇಲ್ಲ.

ಗುರುವಾರ ಬೆಳಿಗ್ಗೆ ಆರೂವರೆಗೆ ನನ್ನ ಫೋನಿಗೆ ಮೆಸೇಜ್ ಬಂತು. ಫಾಸ್ಟ್ಯಾಗ್‌ನಿಂದ ಹಣ ಕಡಿತ, ಶಾಂತಿಗ್ರಾಮ ಟೋಲ್. ಫಾಸ್ಟ್ಯಾಗ್ ತೆಗೆಸಲು ಮರೆತಿದ್ದೆ, ಅದು ನನ್ನ ನಂಬರಿಗೇ ಇತ್ತು. ಗುಜರಿಗೆ ಎತ್ತಿಕೊಂಡು ಹೋಗುತ್ತಿದ್ದಾರೇನೋ ಅಂದುಕೊಂಡೆ. ಆಮೇಲೆ ಹೊಳೆಯಿತು, ಹೊತ್ತುಕೊಂಡು ಹೋಗುವ ಗಾಡಿಗೆ ಅದರದೇ ಫಾಸ್ಟ್ಯಾಗ್ ಇರುತ್ತದೆ ಅಲ್ವಾ? ಸ್ವಲ್ಪ ಹೊತ್ತು ಬಿಟ್ಟು ಬೆಂಗಳೂರು ದಾರಿಯ ಮುಂದಿನ ಟೋಲಿನ ಮೆಸೇಜೂ ಬಂತು. ಗಾಡಿ ಓಡುತ್ತಿತ್ತು. ಶನಿವಾರ ಹೆಡ್ಡೂ ಬ್ಲಾಕೂ ಒಡೆದಿದ್ದ ಗಾಡಿ ಗುರುವಾರ ಬೆಳಿಗ್ಗೆ ಹೆದ್ದಾರಿಯಲ್ಲಿ ಓಡುತ್ತಿತ್ತು. ಒಲೆಯ ಮೇಲೆ ಹಾಲು ಉಕ್ಕುತ್ತಿದೆ, ನಾನು ಫೋನ್ ಹಿಡಿದು ಹಾಗೇ ನಿಂತಿದ್ದೇನೆ.

ಚಿಕ್ಕಮ್ಮನ ಮಗ ಆಟೊಮೊಬೈಲ್ ಡಿಪ್ಲೊಮಾ ಮಾಡಿದ್ದಾನೆ. ಅವನಿಗೆ ಆ ಫೋಟೋ ಕಳಿಸಿದೆ. ಎರಡೇ ನಿಮಿಷಕ್ಕೆ ಫೋನ್ ಮಾಡಿದ.

‘ಅಕ್ಕ, ವಾಲ್ವ್ ಎಣಿಸು.’

ಹೆಡ್ಡಿನಲ್ಲಿ ಸಾಲಾಗಿ ಕಾಣುವ ದುಂಡು ಬಿಲ್ಲೆಗಳು ಅವು. ಎಣಿಸಿದೆ. ಎಂಟು.

‘ಸ್ವಿಫ್ಟ್ ಡೀಸೆಲ್ ಎಂಜಿನ್ ಫಿಯಟ್‌ನವರ 1.3 ಮಲ್ಟಿಜೆಟ್. ನಾಲ್ಕು ಸಿಲಿಂಡರ್, ಒಂದೊಂದಕ್ಕೆ ನಾಲ್ಕು ವಾಲ್ವ್. ಹದಿನಾರು ಇರಬೇಕು. ಇದು ನಿಮ್ಮ ಗಾಡಿ ಹೆಡ್ಡೇ ಅಲ್ಲ.’

ಬೇರೆ ಯಾವುದೋ ಗಾಡಿಯ ಹೆಡ್ ತೋರಿಸಿ ನಮ್ಮ ಗಾಡಿ ಹೊಡೆದುಕೊಂಡಿದ್ದರು. ಎಂಟಕ್ಕೂ ಹದಿನಾರಕ್ಕೂ ವ್ಯತ್ಯಾಸ ಗೊತ್ತಾಗಲು ಮೆಕ್ಯಾನಿಕ್ ಆಗಬೇಕಿಲ್ಲ. ಅಷ್ಟನ್ನು ಕೇಳಬೇಕು ಅಂತ ಗೊತ್ತಿರಬೇಕಿತ್ತು. ಆ ರಾತ್ರಿ ನಾನು ಆ ಫೋಟೋ ಎಷ್ಟು ಸಲ ಎಣಿಸಿದೆನೋ.

ಡಿಪ್‌ಸ್ಟಿಕ್ ಬಗ್ಗೆಯೂ ಅವನೇ ಕೇಳಿದ್ದು. ಲಾರಿ ಡ್ರೈವರ್ ಹೇಳಿದ್ದು ಆಗ ನೆನಪಾಯಿತು. ಕೂಲಂಟ್ ಟ್ಯಾಂಕಿನಲ್ಲಿ ಗಸಿ ಇದೆ, ಎಂಜಿನ್ ಆಯಿಲ್ ಶುದ್ಧವಾಗಿದೆ ಅಂದರೆ ಮೊದಲು ಅನುಮಾನ ಪಡಬೇಕಾದ್ದು ಆಯಿಲ್ ಕೂಲರ್ ಅಂತೆ. ಆಯಿಲ್ ಫಿಲ್ಟರ್ ಪಕ್ಕದ ಸಣ್ಣ ಭಾಗ ಅದು. ಒಳಗೆ ಒಂದು ಕಡೆ ಆಯಿಲ್, ಇನ್ನೊಂದು ಕಡೆ ಕೂಲಂಟ್ ಹರಿಯುತ್ತದೆ. ಓಡುವಾಗ ಆಯಿಲ್ ಒತ್ತಡ ಜಾಸ್ತಿ. ನಡುವೆ ಸೋರಿದರೆ ಆಯಿಲೇ ಕೂಲಂಟಿಗೆ ನುಗ್ಗುತ್ತದೆ. ಆ ಗಸಿ ರೇಡಿಯೇಟರ್ ಕಟ್ಟಿಸಿ ಎಂಜಿನ್ ಬಿಸಿಯಾಗುತ್ತದೆ. ಹೆಡ್ಡಿಗೂ ಅದರ ಕೆಳಗಿನ ಬ್ಲಾಕಿಗೂ ನಡುವಿನ ಹೆಡ್ ಗ್ಯಾಸ್ಕೆಟ್ ಹೋದರೆ ಸಾಮಾನ್ಯವಾಗಿ ಬಿಳಿ ಹೊಗೆ, ಟ್ಯಾಂಕಿನಲ್ಲಿ ಗುಳ್ಳೆ, ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣ. ನಮ್ಮ ಗಾಡಿಗೆ ಇದರಲ್ಲಿ ಒಂದೂ ಇರಲಿಲ್ಲ. ಅವನು ತನಗೆ ಗೊತ್ತಿರುವ ಕಡೆ ವಿಚಾರಿಸಿದ. ಕೂಲರ್ ಬದಲಾಯಿಸಿ, ರೇಡಿಯೇಟರ್ ಪೈಪು ಎಲ್ಲ ತೊಳೆದು, ಹೊಸ ಕೂಲಂಟ್ ಹಾಕಿ 15 ಸಾವಿರದ ಒಳಗೆ ಮುಗಿಯುವ ಕೆಲಸ ಅಂದರು.

ಹದಿನೈದು ಸಾವಿರ.

ಅವನೇ ಬೆಂಗಳೂರಿನ ಹಳೇ ಕಾರುಗಳ ಜಾಹೀರಾತುಗಳಲ್ಲಿ ಹುಡುಕಿದ. ಹತ್ತು ದಿನಕ್ಕೆ ಸಿಕ್ಕಿತು. ನಂಬರ್ ಮುಚ್ಚಿದ್ದರು. ಆದರೆ ಹಿಂದಿನ ಗಾಜಿನ ಮೇಲೆ ನನ್ನ ಮಗಳು ಅಂಟಿಸಿದ್ದ ಚಿಟ್ಟೆ ಹಾಗೇ ಇತ್ತು. ‘ಸಿಂಗಲ್ ಓನರ್. ಒರಿಜಿನಲ್ ಎಂಜಿನ್, ಓಪನ್ ಆಗಿಲ್ಲ. 2,85,000.’ ಕೊಳ್ಳುವವನ ಹಾಗೆ ಫೋನ್ ಮಾಡಿದ. ‘ಆಯಿಲ್ ಕೂಲರ್ ಒಂದು ಹೊಸದು ಹಾಕಿದ್ದೀವಿ ಸರ್. ಹೆಡ್ ಮುಟ್ಟೇ ಇಲ್ಲ, ಬೇಕಾದ್ರೆ ಮೆಕ್ಯಾನಿಕ್ ಕರ್ಕೊಂಡ್ ಬನ್ನಿ’ ಅಂದರಂತೆ.

ಹೆಡ್ ಮುಟ್ಟೇ ಇಲ್ಲ. ಹಾಗಾದರೆ ನನ್ನಿಂದ ಹಿಡಿದುಕೊಂಡ ಆರು ಸಾವಿರ ಯಾವ ಹೆಡ್ ಬಿಚ್ಚಿದ ಕೂಲಿ? ಟಾರ್ಪಾಲಿನ ಕೆಳಗೆ ಬಿಚ್ಚಿದ್ದೇ ಇರಲಿಲ್ಲ. ಅದಕ್ಕೇ ಅಲ್ವಾ ಹತ್ತಿರ ಬಿಡದೇ ಇದ್ದದ್ದು?

ಗ್ಯಾರೇಜಿಗೆ ಹೋದೆ. ಅವನ ಉತ್ತರಗಳನ್ನು ಇದ್ದ ಹಾಗೇ ಬರೆಯುತ್ತೇನೆ.

ಫೋಟೋ ಬಗ್ಗೆ ಕೇಳಿದೆ. ‘ಹುಡುಗ ತಪ್ಪಾಗಿ ಕಳಿಸಿರಬೇಕು ಮೇಡಂ.’ ಹಾಗಾದರೆ ನಮ್ಮ ಹೆಡ್ಡಿನ ಫೋಟೋ ಕೊಡಿ ಅಂದೆ. ‘ಡಿಲೀಟ್ ಆಗಿದೆ.’ ಐದು ದಿನದಲ್ಲಿ ಹೇಗೆ ಓಡಿತು ಅಂದೆ. ‘ಪಾರ್ಟಿ ಬೇರೆ ಎಂಜಿನ್ ಕೂರಿಸಿರ್ತಾರೆ, ಅದು ನಮಗೆ ಸಂಬಂಧ ಇಲ್ಲ.’ ಜಾಹೀರಾತು ತೋರಿಸಿದೆ. ನೋಡಿ ಫೋನ್ ವಾಪಸ್ ಕೊಟ್ಟ. ‘ಸೈನ್ ಹಾಕಿದ್ದು ನಿಮ್ಮ ತಂದೆಯವರೇ ಅಲ್ವಾ? ದುಡ್ಡು ಎಣಿಸ್ಕೊಂಡಿದ್ದು ನೀವೇ ಅಲ್ವಾ? ನಾನೇನು ಬಲವಂತ ಮಾಡಿದ್ನಾ?’ ಪಾರ್ಟಿಯ ಹೆಸರು ಕೇಳಿದೆ. ‘ಅದೆಲ್ಲ ಕೊಡಕ್ಕಾಗಲ್ಲ.’ ಕೊನೆಗೆ, ಕೆಲಸದ ಹುಡುಗರೆಲ್ಲ ನಿಂತು ನೋಡುತ್ತಿರುವಾಗ, ‘ಮನೇಲಿ ಗಂಡಸರಿಲ್ಲ ಪಾಪ ಅಂತ ಸಹಾಯ ಮಾಡಿದ್ದಕ್ಕೆ ಹೀಗೆ ಮಾತಾಡ್ತೀರಾ’ ಅಂದ. ನನಗೆ ದುಡ್ಡು ಹೋದದ್ದಕ್ಕಿಂತ ಈ ಮಾತು ಈಗಲೂ ಚುಚ್ಚುತ್ತದೆ. ಆ ಮೇಲೆ ನನ್ನ ಫೋನ್ ಎತ್ತಿಲ್ಲ.

ನಿಮ್ಮ ಗಾಡಿ ಕೆಟ್ಟರೆ ದಯವಿಟ್ಟು ಇಷ್ಟು ಮಾಡಿ. ಬಿಚ್ಚುವ ಮೊದಲು ಕೂಲಿಂಗ್ ಸಿಸ್ಟಮ್ ಪ್ರೆಶರ್ ಟೆಸ್ಟ್, ಕಂಪ್ರೆಷನ್ ಟೆಸ್ಟ್ ಮಾಡಿ ಅಂತ ಹೇಳಿ. ಹೆಡ್ ಬಿಚ್ಚದೆಯೇ ಇವೆರಡೂ ಆಗುತ್ತವೆ. ಬಿಚ್ಚಿದರೆ ನಿಮ್ಮ ಕಣ್ಣೆದುರು ಬಿಚ್ಚಲಿ, ಗಾಡಿಯ ನಂಬರ್ ಪ್ಲೇಟ್ ಕಾಣುವ ಹಾಗೆ ವಿಡಿಯೋ ಮಾಡಿ. ಸೀರೆ ಹಾಳಾದರೆ ಆಗಲಿ. ಎಸ್ಟಿಮೇಟ್ ಕಾಗದದಲ್ಲಿ ಕೇಳಿ. ರಿಪೇರಿ ಬೇಡ ಅನ್ನುವವನೇ ಗಿರಾಕಿಯನ್ನೂ ತರುತ್ತಿದ್ದರೆ ಅಲ್ಲಿಂದ ಗಾಡಿ ಎತ್ತಿಸಿ. ಇನ್ನೊಂದು ಸಲ ಟೋಯಿಂಗ್‌ಗೆ ಮೂರ್ನಾಲ್ಕು ಸಾವಿರ ಹೋದರೂ ಹೋಗಲಿ.

ಖಾಲಿ ಫಾರಂಗೆ ಸಹಿ ಹಾಕಲೇಬೇಡಿ. 2023ರ ಏಪ್ರಿಲ್ 1ರಿಂದ ಹಳೇ ಗಾಡಿ ವ್ಯಾಪಾರಿಗಳು ಆರ್‌ಟಿಒದಿಂದ ಅನುಮತಿ ಪಡೆದಿರಬೇಕು. ಅಂಥವರಿಗೆ ಕೊಟ್ಟರೆ ಫಾರಂ 29ಸಿ ಮೂಲಕ ಗಾಡಿ ಅವರ ಕೈಗೆ ಹೋದದ್ದು ದಾಖಲಾಗುತ್ತದೆ. ಬೇರೆ ಯಾರಿಗೆ ಮಾರಿದರೂ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ. ಅಪ್ಪನಿಗೆ ಈಗ ದುಡ್ಡಿನ ಚಿಂತೆ ಇಲ್ಲ, ಈ ಚಿಂತೆ. ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರದ ಹೊಣೆ ಅವರದ್ದೇ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ‘ಯಾರಿಗಾದ್ರೂ ಗುದ್ದಿದ್ರೆ ಏನ್ ಗತಿ’ ಅಂತ ಅವರು ರಾತ್ರಿ ಎದ್ದು ಕೂರುತ್ತಾರೆ.

ಫಾಸ್ಟ್ಯಾಗ್ ಬ್ಲಾಕ್ ಮಾಡಿಸಿದ್ದೇನೆ. ಆರ್‌ಟಿಒಗೆ ಅರ್ಜಿ ಕೊಟ್ಟಿದ್ದೇನೆ. ಫೋಟೋ, ಜಾಹೀರಾತಿನ ಸ್ಕ್ರೀನ್‌ಶಾಟ್, ಟೋಲಿನ ಮೆಸೇಜು ಎಲ್ಲ ಇಟ್ಟುಕೊಂಡು ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಬರೆಯುತ್ತಿದ್ದೇನೆ. ದಿನಾ ಬೆಳಿಗ್ಗೆ ಎದ್ದು ಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ನೋಡುತ್ತೇನೆ. ಇವತ್ತೂ ನೋಡಿದೆ. ಗಾಡಿ ಇನ್ನೂ ಅಪ್ಪನ ಹೆಸರಿನಲ್ಲೇ ಇದೆ.