ಬುರ್ಗೋಸ್, ಲಿಯೋನ್, ತೊಲೆದೊ: ಯಾವ ಕೆಥೆಡ್ರಲ್‌ಗೆ ಹೋಗೋದು?

ಮ್ಯಾಡ್ರಿಡ್‌ನಲ್ಲಿ ಉಳಿದುಕೊಂಡವರಿಗೆ ಒಂದು ದಿನ ಬಿಡುವಿದೆ, ಹಳೆಯ ಊರಿನ ಗೋಥಿಕ್ ಕೆಥೆಡ್ರಲ್ (ಚೂಪು ಕಮಾನುಗಳ ಮಧ್ಯಯುಗದ ಶೈಲಿಯಲ್ಲಿ ಕಟ್ಟಿದ, ಬಿಷಪ್ಪರ ಮುಖ್ಯ ಚರ್ಚು) ಒಂದನ್ನು ನೋಡಬೇಕು. ಎಲ್ಲಿಗೆ ಹೋಗಬೇಕು? ಸ್ಪೇನಿನ ಬುರ್ಗೋಸ್, ಲಿಯೋನ್, ತೊಲೆದೊ ಈ ಮೂರು ಊರುಗಳ ಕೆಥೆಡ್ರಲ್ಲುಗಳನ್ನೂ ನಿಧಾನವಾಗಿ ಸುತ್ತಿದ್ದೇನೆ. ಮೂರೂ 13ನೇ ಶತಮಾನದಲ್ಲಿ ಎದ್ದವು, ಮೂರಕ್ಕೂ ಫ್ರೆಂಚ್ ಕಟ್ಟಡಗಳೇ ಮಾದರಿ. ಆದರೂ ಒಂದು ನೋಡಿದರೆ ಇನ್ನೊಂದು ನೋಡಿದ ಹಾಗಾಗುವುದಿಲ್ಲ. ನನ್ನ ಮನಸ್ಸು ಲಿಯೋನ್ ಕಡೆಗೆ.

ಹೊರಗಿನಿಂದ ನೋಡುವುದಾದರೆ ಬುರ್ಗೋಸ್‌ಗೆ ಸಾಟಿಯಿಲ್ಲ. 1221ರಲ್ಲಿ ಮೂರನೇ ಫರ್ನಾಂಡೊ ರಾಜನ ಕಾಲದಲ್ಲಿ ಕೆಲಸ ಶುರುವಾಯಿತು. 15ನೇ ಶತಮಾನದಲ್ಲಿ ಹುವಾನ್ ದೆ ಕೊಲೋನಿಯಾ ಕಟ್ಟಿದ ಜೋಡಿ ಶಿಖರಗಳು ಪೂರ್ತಿ ಜಾಲಂಧ್ರದ ಕೆತ್ತನೆ. ಕಲ್ಲಿನ ನಡುವೆ ಆಕಾಶ ಕಾಣುತ್ತದೆ. ಒಳಗೆ ನನಗೆ ತುಂಬಾ ಇಷ್ಟವಾದದ್ದು ದಿಯೆಗೊ ದೆ ಸಿಲೊಯೆ ಮಾಡಿದ ಬಂಗಾರದ ಮೆಟ್ಟಿಲು. ಕಟ್ಟಡ ಇಳಿಜಾರಿನಲ್ಲಿದೆ. ಹಾಗಾಗಿ ಒಂದು ಬಾಗಿಲು ಒಳಗಿನ ನೆಲಕ್ಕಿಂತ ಎಷ್ಟೋ ಮೇಲೆ ರಸ್ತೆಗೆ ತೆರೆದುಕೊಳ್ಳುತ್ತದೆ. ಆ ತೊಡಕನ್ನೇ ಅವನು ಅಷ್ಟು ಚೆಂದದ ಕೆಲಸವಾಗಿ ಮಾಡಿಬಿಟ್ಟ! ಮಧ್ಯಯುಗದ ಸ್ಪೇನಿನ ವೀರ ಎಲ್ ಸಿದ್ ಮತ್ತು ಅವನ ಹೆಂಡತಿ ಹಿಮೇನಾಳ ಸಮಾಧಿ ನಡುವಿನ ಗುಮ್ಮಟದ ಕೆಳಗಿದೆ. ಮಕ್ಕಳಿದ್ದರೆ ಗಂಟೆ ಹೊಡೆಯುವ ಹೊತ್ತಿಗೆ ಸರಿಯಾಗಿ ಗಡಿಯಾರದ ಕೆಳಗೆ ನಿಲ್ಲಿಸಿ, ಪಾಪಾಮೋಸ್ಕಾಸ್ ಎಂಬ ಗೊಂಬೆ ಬಾಯಿ ತೆರೆಯುತ್ತದೆ. ಒಂದೇ ಕೊರತೆ ಅಂದರೆ ಚಾಪೆಲ್ (ಒಳಗಿನ ಚಿಕ್ಕ ಪ್ರಾರ್ಥನಾ ಕೋಣೆ) ಮೇಲೆ ಚಾಪೆಲ್ ಬರುತ್ತಲೇ ಇರುತ್ತವೆ. ಅರ್ಧ ದಾರಿಗೆ ಕಣ್ಣು ಸೋಲುತ್ತದೆ. ಶಕ್ತಿ ಉಳಿಸಿಕೊಂಡು ಕೊಂದೆಸ್ತಾಬ್ಲೆ ಚಾಪೆಲ್ಲಿನ ನಕ್ಷತ್ರದ ಚಾವಣಿ ಮಾತ್ರ ತಪ್ಪದೆ ನೋಡಿ.

ಲಿಯೋನ್ ಇದಕ್ಕೆ ತದ್ವಿರುದ್ಧ. ಹೊರಗೆ ಅಷ್ಟು ಅಲಂಕಾರವಿಲ್ಲ, ಗಾತ್ರವೂ ಚಿಕ್ಕದು. ಒಳಗೆ ಹೋದರೆ ಗೋಡೆಯೇ ಇಲ್ಲವೇನೋ ಅನಿಸುತ್ತದೆ, ಎಲ್ಲಿ ನೋಡಿದರೂ ಗಾಜು. ಸುಮಾರು 1,800 ಚದರ ಮೀಟರ್ ಬಣ್ಣದ ಗಾಜಿದೆ. ಚಾವಣಿಯ ಒತ್ತಡವನ್ನು ಹೊರಗಿನ ಆಸರೆ ಕಮಾನುಗಳು ತಡೆಯುತ್ತವೆ, ಹಾಗಾಗಿ ಗೋಡೆಯ ಜಾಗದಲ್ಲೆಲ್ಲ ಕಿಟಕಿ ಇಡಲು ಆಯಿತು. ಈ ಧೈರ್ಯಕ್ಕೆ ಬೆಲೆಯನ್ನೂ ತೆತ್ತಿದ್ದಾರೆ. 19ನೇ ಶತಮಾನದಲ್ಲಿ ಕಟ್ಟಡ ಕುಸಿಯುವ ಸ್ಥಿತಿಗೆ ಬಂದು ದೊಡ್ಡ ದುರಸ್ತಿಯೇ ನಡೆಯಿತು. 1966ರಲ್ಲಿ ಸಿಡಿಲು ಬಡಿದು ಮಾಡು ಹೊತ್ತಿ ಉರಿದರೂ ಗಾಜು ಉಳಿಯಿತು. ಅದನ್ನು ತಿಳಿದುಕೊಂಡು ತಲೆಯೆತ್ತಿ ನೋಡಿ, ಮನಸ್ಸು ತುಂಬಿ ಬರುತ್ತದೆ.

ಇಲ್ಲಿ ಹೊತ್ತು ಬಹಳ ಮುಖ್ಯ. ಮೋಡ ಕವಿದ ದಿನ ಬಣ್ಣ ಮಂಕಾಗಿರುತ್ತದೆ. ಬೆಳಿಗ್ಗೆ ಪೂಜಾಪೀಠದ ಹಿಂದಿನ ಕಿಟಕಿಗಳು ಬೆಳಗುತ್ತವೆ. ಆದರೆ ಬಿಸಿಲಿನ ಸಂಜೆ ಪಶ್ಚಿಮದ ದುಂಡು ಕಿಟಕಿಗೆ ಸೂರ್ಯ ಬೀಳುವಾಗಿನ ಸೊಗಸೇ ಜಾಸ್ತಿ. ಫೋಟೊ ತೆಗೆಯುವ ಆತುರ ಬೇಡ, ಸುಮ್ನೆ ಒಂದು ಕಡೆ ಕೂತುಬಿಡಿ. ಬೈನಾಕ್ಯುಲರ್ ಇದ್ದರೆ ಇನ್ನೂ ಒಳ್ಳೆಯದು.

ತೊಲೆದೊ ನಿಜವಾಗಿ ಒಂದು ದೊಡ್ಡ ಖಜಾನೆ. 1226ರಲ್ಲಿ ಶುರುವಾಗಿ 1493ರವರೆಗೆ ಕಟ್ಟಿದರು. ಎಲ್ ಗ್ರೆಕೊನ ಪ್ರಸಿದ್ಧ ಚಿತ್ರ ‘ಎಲ್ ಎಸ್ಪೋಲಿಯೊ’ (ಶಿಲುಬೆಗೇರಿಸುವ ಮೊದಲು ಯೇಸುವಿನ ಬಟ್ಟೆ ಕಳಚುವ ದೃಶ್ಯ) ಇಲ್ಲಿದೆ. 18ನೇ ಶತಮಾನದಲ್ಲಿ ನಾರ್ಸಿಸೊ ತೊಮೆ ಹಳೆಯ ಚಾವಣಿಯನ್ನೇ ಕೊರೆದು ಪೀಠದ ಹಿಂಬದಿಗೆ ಬೆಳಕು ತಂದ. ಗೋಥಿಕ್ ಕಟ್ಟಡದ ನಡುವೆ ಆ ಆಡಂಬರ ನನಗಂತೂ ಹಿಡಿಸಲಿಲ್ಲ. ಚಿತ್ರಕಲೆ ಇಷ್ಟಪಡುವವರು ಮಾತ್ರ ಇದನ್ನೇ ಮೊದಲು ನೋಡಬೇಕು. ಸುತ್ತ ಇಕ್ಕಟ್ಟಿನ ಓಣಿಗಳು, ಹೊರಗಿನಿಂದ ಪೂರ್ತಿ ಕಾಣಬೇಕೆಂದರೆ ತಾಹೊ ನದಿಯ ಆಚೆ ದಂಡೆಗೆ ಹೋಗಬೇಕು.

ಓಡಾಟದಲ್ಲಿ ತೊಲೆದೊ ಸುಲಭ, ಮ್ಯಾಡ್ರಿಡ್‌ನಿಂದ ರೈಲಿನಲ್ಲಿ ಅರ್ಧ ಗಂಟೆ ಚಿಲ್ಲರೆ. ಬುರ್ಗೋಸ್ ರೈಲು ನಿಲ್ದಾಣ ಊರಿನಿಂದ ದೂರ. ಬಸ್ಸಿನಲ್ಲಿ ಹೋದರೆ ಕೆಥೆಡ್ರಲ್ ಹತ್ತಿರವೇ ಇಳಿಯಬಹುದು. ಲಿಯೋನ್‌ಗೆ ರೈಲಿನಲ್ಲಿ ಎರಡು ಗಂಟೆಯ ಆಸುಪಾಸು. ನಿಲ್ದಾಣದಿಂದ ನಡೆದೇ ಹೋಗಬಹುದು, ದಾರಿಯಲ್ಲಿ ಹೆಸರಾಂತ ವಾಸ್ತುಶಿಲ್ಪಿ ಗೌಡಿ ಕಟ್ಟಿದ ಕಾಸಾ ಬೊತಿನೆಸ್ ಎಂಬ ಕಟ್ಟಡ ಕೂಡ ಸಿಗುತ್ತದೆ. ಆದಷ್ಟು ಅಲ್ಲೇ ರಾತ್ರಿ ಉಳಿಯಿರಿ, ಸಂಜೆಯ ಬೆಳಕು, ಬೆಳಗಿನ ಬೆಳಕು ಎರಡೂ ಸಿಗುತ್ತವೆ.