ಒಂದೇ ಕೋಣೆ, ನಾಲ್ಕು ಹೀಟರ್

ಕಳೆದ ಚಳಿಗಾಲಕ್ಕೆ ನಮ್ಮ ಮನೆಯಲ್ಲಿ ನಾಲ್ಕು ಥರದ ಹೀಟರ್ ಸೇರಿಕೊಂಡಿದ್ದವು. ಬೇಕೆಂದು ಕೂಡಿಹಾಕಿದ್ದಲ್ಲ. ಫ್ಯಾನ್ ಹೀಟರ್ ಹಳೆಯದು. ರಾಡ್ ಹೀಟರ್ (ನೀರು ಕಾಯಿಸುವುದಲ್ಲ, ಎದುರು ಕೂತು ಮೈ ಕಾಯಿಸಿಕೊಳ್ಳುವಂಥದ್ದು) ನನ್ನ ತಮ್ಮ ಮನೆ ಬದಲಿಸುವಾಗ ಬಿಟ್ಟುಹೋದದ್ದು. ಒಳಗೆ ಎಣ್ಣೆ ತುಂಬಿ ಮುಚ್ಚಿದ ಆಯಿಲ್ ಹೀಟರ್ ಅಮ್ಮನಿಗೆಂದು ತಂದದ್ದು. ಇನ್ನು ಎ.ಸಿ.ಯಲ್ಲಿ ಬಿಸಿಗಾಳಿಯ ಮೋಡ್ ಕೂಡ ಇದೆ ಅಂತ ಗೊತ್ತಾದದ್ದೇ ಕೊಂಡು ಎರಡು ವರ್ಷ ಕಳೆದ ಮೇಲೆ. "ಇಷ್ಟೆಲ್ಲ ಯಾಕೋ, ಒಂದನ್ನಾದರೂ ಅಟ್ಟಕ್ಕೆ ಹಾಕು" ಅಂತ ಅಮ್ಮ ವರಾತ ಹಚ್ಚಿದರು. ಯಾವುದನ್ನು ಹಾಕುವುದು? ಅದನ್ನು ತೀರ್ಮಾನಿಸಲು ಚಳಿ ಬಲಿಯುವ ಮೊದಲೇ ಒಂದೊಂದನ್ನೂ ಒರೆಸಿ, ಹಚ್ಚಿ ನೋಡಿದೆ.

ಹನ್ನೆರಡಡಿ ಚೌಕದ ಕೋಣೆ, ಒಂಬತ್ತಡಿ ಎತ್ತರ. ದಿನಕ್ಕೊಂದು ಹೀಟರ್. ಮೇಜಿನ ಮೇಲಿನ ಥರ್ಮಾಮೀಟರ್ 14 ಡಿಗ್ರಿ ತೋರಿಸುವಾಗ ಹಚ್ಚುವುದು, 20 ಮುಟ್ಟಲು ಎಷ್ಟು ಹೊತ್ತು ಬೇಕು ಅಂತ ಬರೆದಿಡುವುದು, ಮೂರು ಗಂಟೆಯಾದ ಮೇಲೆ ಮನೆಯ ಮೀಟರ್ ಓದುವುದು. ಹೊರಗಿನ ಚಳಿ ಎಲ್ಲ ದಿನ ಒಂದೇ ಸಮ ಇರಲಿಲ್ಲ, ಆದ್ದರಿಂದ ಇದೇನೂ ಪ್ರಯೋಗಾಲಯದ ಲೆಕ್ಕವಲ್ಲ.

2000 ವ್ಯಾಟ್‌ನ ಫ್ಯಾನ್ ಹೀಟರ್ ಇಪ್ಪತ್ತೈದು ನಿಮಿಷಕ್ಕೆ 20 ಮುಟ್ಟಿಸಿತು. ಆದರೆ ಅದರ ಸದ್ದಿಗೆ ಪಕ್ಕದಲ್ಲಿ ಕೂತು ಮಾತಾಡುವಂತಿಲ್ಲ. ಆರಿಸಿ ಕಾಲು ಗಂಟೆ ಆಗುವಷ್ಟರಲ್ಲಿ ಚಳಿ ಮತ್ತೆ ಹಾಜರ್. ಮೊದಲ ದಿನ ಸುಟ್ಟ ವಾಸನೆ ಬಂದು ಗಾಬರಿಯಾಗಿತ್ತು. ವರ್ಷವಿಡೀ ಕಾಯಿಲ್ ಮೇಲೆ ಕೂತ ಧೂಳು ಹೊತ್ತುವ ವಾಸನೆ ಅದು. ಪ್ಲಗ್ ತೆಗೆದು, ಒಣ ಬ್ರಶ್ಶಿನಿಂದ ಜಾಲರಿ ಉಜ್ಜಿದ ಮೇಲೆ ಹೋಯಿತು. ಉಜ್ಜಿದ ಮೇಲೂ ವಾಸನೆ ಉಳಿದರೆ ಮಾತ್ರ ಅದನ್ನು ರಿಪೇರಿಯವರಿಗೆ ತೋರಿಸಬೇಕು.

ಆ ಇಪ್ಪತ್ತೈದು ನಿಮಿಷದ ಬಗ್ಗೆ ಕೂತು ಲೆಕ್ಕ ಹಾಕಿದಾಗ ತಮಾಷೆಯೊಂದು ಕಂಡಿತು. ಆ ಕೋಣೆಯ ಗಾಳಿ ಸುಮಾರು 37 ಘನ ಮೀಟರ್, ತೂಕ ಸುಮಾರು 45 ಕಿಲೋ. ಅಷ್ಟು ಗಾಳಿಯನ್ನು ಆರು ಡಿಗ್ರಿ ಏರಿಸಲು 2000 ವ್ಯಾಟ್‌ಗೆ ಎರಡೂಕಾಲು ನಿಮಿಷ ಸಾಕು! ಉಳಿದ ಬಿಸಿಯನ್ನೆಲ್ಲ ಗೋಡೆ, ನೆಲ, ಮಂಚ, ಬಾಗಿಲ ಸಂದು ಹಂಚಿಕೊಂಡಿದ್ದವು. ಬಾಗಿಲ ಕೆಳಗೆ ಬೆರಳು ತೂರುವಷ್ಟು ಸಂದಿತ್ತು. ಅಲ್ಲಿಗೆ ರಬ್ಬರ್ ಪಟ್ಟಿ ಅಂಟಿಸಿ, ಕಿಟಕಿಗೆ ದಪ್ಪ ಪರದೆ ಬಿಟ್ಟು ಮತ್ತೆ ನೋಡಿದರೆ ಹದಿನೆಂಟೇ ನಿಮಿಷ. ನಾಲ್ಕು ಹೀಟರ್‌ಗಳ ಜಗಳದಲ್ಲಿ ಅತಿ ಅಗ್ಗದ ಗೆಲುವು ಈ ಪಟ್ಟಿಯದೇ. ಒಂದು ಎಚ್ಚರಿಕೆ: ಗ್ಯಾಸ್ ಹೀಟರ್ ಅಥವಾ ಇದ್ದಿಲ ಕೆಂಡ ಇಟ್ಟುಕೊಳ್ಳುವವರು ಹೀಗೆ ಸಂದು ಮುಚ್ಚಿ ಮಲಗಬಾರದು. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲೇ ಕೊಲ್ಲುತ್ತದೆ.

ಆಯಿಲ್ ಹೀಟರ್ ಮಾರಿದವರು "ಕರೆಂಟ್ ಉಳಿಯುತ್ತೆ ಸರ್" ಅಂದಿದ್ದರು. ಉಳಿಯಲಿಲ್ಲ. ಮೂರು ಗಂಟೆಗೆ ಫ್ಯಾನ್ ಹೀಟರ್ 4.5 ಯೂನಿಟ್ ತಿಂದರೆ ಇದು 4.6. ತಂತಿ ಕಾಯಿಸಿ ಬಿಸಿ ಕೊಡುವ ಯಾವ ಹೀಟರ್ ಆದರೂ ಒಂದು ಯೂನಿಟ್‌ಗೆ ಕೊಡುವುದು ಸುಮಾರು 860 ಕಿಲೋಕ್ಯಾಲರಿ ಶಾಖವನ್ನೇ. ಮಧ್ಯೆ ಎಣ್ಣೆ ಇದ್ದ ಮಾತ್ರಕ್ಕೆ ಅದು ಹೆಚ್ಚುವುದಿಲ್ಲ. ಆ ಎಣ್ಣೆ ಉರಿಯುವುದೂ ಇಲ್ಲ, ತುಂಬಿಸಬೇಕಾದ್ದೂ ಇಲ್ಲ. 20 ಡಿಗ್ರಿ ಮುಟ್ಟಲು ಒಂದು ಗಂಟೆಯ ಮೇಲೆ ಹಿಡಿಯಿತು, ನನಗೆ ತಾಳ್ಮೆ ಕೆಟ್ಟಿತ್ತು. ಆದರೆ ಸದ್ದಿಲ್ಲ, ಬೆಳಕಿಲ್ಲ, ಆರಿಸಿದ ಮೇಲೂ ಅರ್ಧ ಗಂಟೆ ಬೆಚ್ಚಗಿರುತ್ತದೆ. ಮಲಗುವ ಕೋಣೆಗೆ ಇನ್ನೇನು ಬೇಕು? ಅಟ್ಟದಲ್ಲಿ ಅಡ್ಡ ಮಲಗಿಸಿಟ್ಟಿದ್ದರೆ ಮಾತ್ರ ಇಳಿಸಿದ ಕೂಡಲೇ ಹಚ್ಚಬೇಡಿ. ನೆಟ್ಟಗೆ ನಿಲ್ಲಿಸಿ, ಎಣ್ಣೆ ಕೆಳಗಿಳಿಯಲು ಸಮಯ ಕೊಡಿ. ಕೆಳಗೆ ಎಣ್ಣೆಯ ಕಲೆ ಕಂಡರೆ ಅದರ ಆಯುಸ್ಸು ಮುಗಿಯಿತು ಅಂತಲೇ.

ರಾಡ್ ಹೀಟರ್ 800 ವ್ಯಾಟ್‌ನದು. ಥರ್ಮಾಮೀಟರ್ ಎರಡು ಡಿಗ್ರಿ ಏರಲೂ ಒದ್ದಾಡಿತು. ಹಾಗಂತ ತಳ್ಳಿಹಾಕುವಂತಿಲ್ಲ. ಅದು ಗಾಳಿಗಿಂತ ಎದುರು ಕೂತವರನ್ನು ಕಾಯಿಸುತ್ತದೆ, ಎಳೆಬಿಸಿಲಿನ ಹಾಗೆ. ಮೊಣಕಾಲಿಗೆ ಸುಖ, ಬೆನ್ನಿಗೆ ಏನೂ ಇಲ್ಲ.

ಎ.ಸಿ.ಯಿಂದ ನಾನು ಏನನ್ನೂ ನಿರೀಕ್ಷಿಸಿರಲಿಲ್ಲ. ಮೂರು ಗಂಟೆಗೆ 1.7 ಯೂನಿಟ್ ಅಂತ ಮೀಟರ್ ತೋರಿಸಿದಾಗ ತಪ್ಪಾಗಿ ಓದಿದೆನೇನೋ ಅಂತ ಮರುದಿನ ಇನ್ನೊಮ್ಮೆ ನೋಡಿದೆ. ತಪ್ಪಿರಲಿಲ್ಲ. ಅದು ಬಿಸಿಯನ್ನು ತಯಾರಿಸುವುದಿಲ್ಲ, ಹೊರಗಿನ ಗಾಳಿಯಲ್ಲಿರುವ ಬಿಸಿಯನ್ನು ಒಳಗೆ ಹೊತ್ತು ತರುತ್ತದೆ, ನಾವು ಕೊಡುವುದು ಬರೀ ಹೊರೆ ಕೂಲಿ. ಹೊರಗೆ ಚಳಿ ಹೆಚ್ಚಿದಷ್ಟೂ ಆ ಕೂಲಿ ಏರುತ್ತದೆ. ಎಲ್ಲ ಎ.ಸಿ.ಯಲ್ಲೂ ಈ ಮೋಡ್ ಇರುವುದಿಲ್ಲ, ರಿಮೋಟ್‌ನಲ್ಲಿ ಸೂರ್ಯನ ಗುರುತಿದೆಯೇ ನೋಡಿ. ಒಂದು ರಾತ್ರಿ ಬಿಸಿಗಾಳಿ ತಾನಾಗಿ ನಿಂತು, ಹೊರಗಿನ ಯೂನಿಟ್‌ನಿಂದ ಹೊಗೆಯಂಥದ್ದು ಎದ್ದಿತು. ನಾನು ಓಡಿಹೋಗಿ ಮೈನ್ ಸ್ವಿಚ್ ತೆಗೆದೆ! ಆಮೇಲೆ ತಿಳಿಯಿತು, ಹೊರಗಿನ ಯೂನಿಟ್‌ನ ಕೊಳವೆ ಸುರುಳಿಯ ಮೇಲೆ ಕಟ್ಟಿದ ಹಿಮವನ್ನು ಅದು ತಾನೇ ಕರಗಿಸಿಕೊಳ್ಳುತ್ತಿತ್ತು, ಕಂಡದ್ದು ಆವಿ. ಇದರ ತಯಾರಿ ಸುಲಭ: ಒಳಗಿನ ಫಿಲ್ಟರ್ ನೀರಿನಲ್ಲಿ ತೊಳೆದು ಒಣಗಿಸುವುದು, ಹೊರಗಿನ ಯೂನಿಟ್ ಸುತ್ತ ಸೇರಿದ ಎಲೆ ಕಸ ತೆಗೆಯುವುದು, ಗಾಳಿಯ ರೆಕ್ಕೆಯನ್ನು ಕೆಳಕ್ಕೆ ತಿರುಗಿಸುವುದು. ಮೇಲಕ್ಕೆ ಬಿಟ್ಟರೆ ಬೆಚ್ಚಗಾಗುವುದು ಸೂರು ಮಾತ್ರ.

ಪ್ಲಗ್ಗಿನ ವಿಷಯ ಹೇಳದಿದ್ದರೆ ತಪ್ಪಾದೀತು. 230 ವೋಲ್ಟ್‌ನಲ್ಲಿ 2000 ವ್ಯಾಟ್ ಎಂದರೆ 8.7 ಆಂಪಿಯರ್. ಆಯಿಲ್ ಹೀಟರನ್ನು ಒಂದು ಸಂಜೆ ಅಷ್ಟು ಕರೆಂಟ್ ತಾಳದ ಮಾಮೂಲಿ ಎಕ್ಸ್‌ಟೆನ್ಶನ್ ಬಾಕ್ಸಿಗೆ ಹಾಕಿದ್ದೆ. ತೆಗೆಯುವಾಗ ಬಾಕ್ಸಿನ ತೂತು ಕಂದಾಗಿ ಕರಗಿತ್ತು. ಈಗ ನೇರ ಗೋಡೆಯ 16 ಆಂಪಿಯರ್ ಪಾಯಿಂಟ್‌ಗೇ. ಹಚ್ಚಿ ಅರ್ಧ ಗಂಟೆಗೆ ಪ್ಲಗ್ ಮುಟ್ಟಿ ನೋಡುತ್ತೇನೆ, ಬಿಸಿಯಾಗಿದ್ದರೆ ಆ ಪಾಯಿಂಟ್ ಬಳಸುವುದಿಲ್ಲ.

ಈ ಸಲದ ಏರ್ಪಾಟು ಹೀಗೆ: ಸಂಜೆ ಎಲ್ಲರೂ ಕೂರುವ ಕೋಣೆಗೆ ಎ.ಸಿ., ಅಮ್ಮನ ಕೋಣೆಗೆ ಆಯಿಲ್ ಹೀಟರ್, ನನ್ನ ಬರೆಯುವ ಮೇಜಿನಿಂದ ಮೂರಡಿ ದೂರಕ್ಕೆ ರಾಡ್. ಅಟ್ಟಕ್ಕೆ ಹೋದದ್ದು ಫ್ಯಾನ್ ಹೀಟರ್. ಧೂಳು ಕೂರದಿರಲಿ ಅಂತ ಅಮ್ಮ ಅದಕ್ಕೊಂದು ಹಳೆ ದಿಂಬಿನ ಕವರ್ ತೊಡಿಸಿ ಕಟ್ಟಿದ್ದಾರೆ.