ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಅಮ್ಮನ ಜೊತೆ: ನೇರ ವಿಮಾನವೋ, ಫ್ರಾಂಕ್‌ಫರ್ಟ್ ಮೇಲೋ?

ವಯಸ್ಸಾದವರು ಜೊತೆಗಿದ್ದರೆ, ನೇರ ವಿಮಾನ ಸಿಗುವುದಾದರೆ ಅದನ್ನೇ ಹಿಡಿಯಿರಿ. ತಮ್ಮನ ಮನೆಗೆ ಅಮ್ಮನನ್ನು ಎರಡು ಸಲ ಕರೆದುಕೊಂಡು ಹೋದೆ. 2022ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ಮೇಲೆ, 2023ರಲ್ಲಿ ನೇರವಾಗಿ. ಅದಾದ ಮೇಲೆ ನನಗೆ ಅನುಮಾನವೇ ಉಳಿದಿಲ್ಲ.

ಎರಡು ಊರಿನ ನಡುವೆ ಅತಿ ಹತ್ತಿರದ ದಾರಿ ಸುಮಾರು 14,000 ಕಿ.ಮೀ. ಭೂಗೋಳದ ಮೇಲೆ ದಾರ ಎಳೆದು ಹಿಡಿದರೆ ಅದು ಸೈಬೀರಿಯಾದ ಮೇಲೆ ಹೋಗುತ್ತದೆ. ಫ್ರಾಂಕ್‌ಫರ್ಟ್ ಮೇಲೆ ಹೋದರೆ ಅಲ್ಲಿಯವರೆಗೆ 7,400, ಅಲ್ಲಿಂದ ಮುಂದಕ್ಕೆ 9,150, ಅಂದರೆ ಒಟ್ಟು ಎರಡೂವರೆ ಸಾವಿರ ಕಿ.ಮೀ. ಜಾಸ್ತಿ. ಗಾಳಿಯಲ್ಲಿರುವ ಹೊತ್ತು ನೇರ ವಿಮಾನದಲ್ಲಿ ಹತ್ತಿರ ಹತ್ತಿರ 17 ಗಂಟೆ, ಇನ್ನೊಂದರಲ್ಲಿ 21ರ ಮೇಲೆ. ಕಾಯುವ ಹೊತ್ತು ಬೇರೆ.

ಆ ಕಾಯುವ ಹೊತ್ತೇ ನಮಗೆ ಮುಳುವಾಯಿತು. ಟಿಕೆಟ್‌ನಲ್ಲಿ ನಡುವೆ ಇದ್ದದ್ದು ಒಂದು ಗಂಟೆ ನಲವತ್ತು ನಿಮಿಷ. ಮೊದಲ ವಿಮಾನ ಐವತ್ತು ನಿಮಿಷ ತಡ. ಅಮ್ಮನಿಗೆ ಮಂಡಿ ನೋವು, ಗಾಲಿಕುರ್ಚಿ ಬರುವವರೆಗೆ ಇಳಿಯುವ ಹಾಗಿಲ್ಲ. ಮತ್ತೆ ಸೆಕ್ಯುರಿಟಿ ಸಾಲು. ಗೇಟ್ ತಲುಪುವಷ್ಟರಲ್ಲಿ ಬಾಗಿಲು ಹಾಕಿತ್ತು.

ಮುಂದಿನ ಸೀಟು ಸಿಕ್ಕಿದ್ದು ಮರುದಿನ ಬೆಳಿಗ್ಗೆ. ವಿಮಾನದವರು ಹೋಟೆಲ್ ಚೀಟಿ ಕೊಟ್ಟರು, ಆದರೆ ನಿಲ್ದಾಣದಿಂದ ಹೊರಗೆ ಹೋಗಲು ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ವೀಸಾ) ಬೇಕು. ಅಮೆರಿಕದ ವೀಸಾ ಇದ್ದವರಿಗೆ ಜರ್ಮನಿಯಲ್ಲಿ ನಿಲ್ದಾಣದೊಳಗೇ ವಿಮಾನ ಬದಲಿಸಲು ಬೇಕಾಗುವ ಟ್ರಾನ್ಸಿಟ್ ವೀಸಾ ಬೇಡ, ಅಷ್ಟೇ. ಅದರಿಂದ ಊರೊಳಗೆ ಕಾಲಿಡಲು ಆಗುವುದಿಲ್ಲ. ಇಡೀ ರಾತ್ರಿ ಗೇಟ್ ಹತ್ತಿರದ ಕುರ್ಚಿಯಲ್ಲಿ ಕಳೆದೆವು. ಅಮ್ಮನ ಪಾದ ಊದಿ ಚಪ್ಪಲಿ ಏರುತ್ತಿರಲಿಲ್ಲ. ಡಬ್ಬಿಯಲ್ಲಿ ಉಳಿದಿದ್ದ ಎರಡು ಚಪಾತಿಗೆ ಚಟ್ನಿಪುಡಿ ಸವರಿ, ಒಂದನ್ನು ನನ್ನ ಕೈಗಿಟ್ಟು, "ನೀನು ಮೊದಲು ತಿನ್ನು" ಅಂದರು. ಆ ರಾತ್ರಿ ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ.

ನೇರ ವಿಮಾನದಲ್ಲಿ ಹೇಳಿಕೊಳ್ಳುವಂಥ ತೊಂದರೆ ಏನೂ ಆಗಲಿಲ್ಲ. ಓಡಾಡುವ ದಾರಿಯ ಪಕ್ಕದ ಸೀಟು ತೆಗೆದುಕೊಂಡೆ, ಎರಡು ಗಂಟೆಗೊಮ್ಮೆ ಅಮ್ಮನನ್ನು ಎಬ್ಬಿಸಿ ನಡೆಸಿದೆ. ಮಧ್ಯಾಹ್ನ ಹೊರಟವರು ಅದೇ ತಾರೀಖಿನ ಸಂಜೆ ಇಳಿದೆವು. ಚಳಿಗಾಲದಲ್ಲಿ ಅಲ್ಲಿಯ ಗಡಿಯಾರ ಹದಿಮೂರೂವರೆ ಗಂಟೆ ಹಿಂದೆ ಇರುತ್ತದೆ ಅಲ್ವಾ. "ಇನ್ನೂ ಇವತ್ತೇನಾ?" ಅಂತ ಅಮ್ಮ ಎರಡು ಸಲ ಕೇಳಿದರು. ಊಟ ಮಾಡಿ ಮಲಗಿದವರು ಬೆಳಗಿನವರೆಗೆ ಏಳಲಿಲ್ಲ. ವಾಪಸ್ ಬರುವಾಗ ಎದುರುಗಾಳಿ ಸಿಕ್ಕಿದರೆ ಸ್ವಲ್ಪ ಹೊತ್ತು ಜಾಸ್ತಿ ಹಿಡಿಯುತ್ತದೆ.

ದುಬೈ ಮೇಲೆ ಹೋಗುವುದನ್ನೂ ಯೋಚಿಸಿದ್ದೆ. ಆದರೆ ದುಬೈಯಿಂದಾಚೆಗಿನ ಹಾರಾಟವೇ 16 ಗಂಟೆ. ಅಷ್ಟು ಹೊತ್ತು ಕೂರುವುದಾದರೆ ನಡುವೆ ಇಳಿದು ಹತ್ತಿ ಏನು ಪ್ರಯೋಜನ?

ನೇರ ಟಿಕೆಟ್‌ಗೆ ತಲೆಗೆ ಇಪ್ಪತ್ತೆರಡು ಸಾವಿರ ಜಾಸ್ತಿ ಕೊಟ್ಟೆ. ನನ್ನ ಸಂಬಳಕ್ಕೆ ಅದು ಸಣ್ಣ ಮೊತ್ತವಲ್ಲ, ಆದರೂ ಅಮ್ಮ ಬಂದರೆ ಮತ್ತೆ ಕೊಡುತ್ತೇನೆ. ಒಬ್ಬಳೇ ಹೋಗುವುದಾದರೆ ಫ್ರಾಂಕ್‌ಫರ್ಟ್ ಸಾಕು, ನಡುವೆ ನಾಲ್ಕು ಗಂಟೆ ಇರುವ ಟಿಕೆಟ್ ಮಾತ್ರ ನೋಡಿ ತೆಗೆಯುತ್ತೇನೆ.